ಪುಟ ನೂರನಲವತ್ತಮೂರರ ಧೂಳು

ಶನಿವಾರ, ಮಾರ್ಚ್ ೧೭
ಮುದ್ರಣಾಲಯದ ಹಿಂದಿನ ಕೋಣೆ, ಮಧ್ಯಾಹ್ನ ಮೂರೂಕಾಲು

ಔಷಧಿ ಅಂಗಡಿಯ ಮಹಾರಾಣಿಯೂ, ನನಗಿರುವ ಒಬ್ಬಳೇ ಒಡಹುಟ್ಟಿದವಳೂ, ಎರಡು ವರ್ಷದಿಂದ ನನ್ನೊಡನೆ ಮಾತು ಬಿಟ್ಟವಳೂ ಆದ ಅಕ್ಕನಿಗೆ,

ಕೋತಿ ಎಂದು ನೀನೇ ಹೆಸರಿಟ್ಟ ತಮ್ಮನ ಅಡ್ಡಬಿದ್ದ ನಮಸ್ಕಾರ. ಅಡ್ಡಬಿದ್ದಿರುವುದು ನಿಜವೇ. ಇಲ್ಲಿ ಕುರ್ಚಿಗಳ ಮೇಲೆಲ್ಲ ಪುಸ್ತಕದ ಕಟ್ಟುಗಳು ಕೂತಿರುವುದರಿಂದ ನೆಲದ ಮೇಲೆ ಬೋರಲು ಮಲಗಿ ಬರೆಯುತ್ತಿದ್ದೇನೆ. ನಾಲ್ಕು ತಿಂಗಳು ತಡವಾಯಿತು. ಹಿಂದಿನ ಏಳು ಕಾಗದಗಳಿಗೆ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿದ್ದೆ ಎಂದುಕೊಳ್ಳಬೇಡ; ನಮ್ಮಿಬ್ಬರಲ್ಲಿ ಮುನಿಸಿಕೊಳ್ಳುವ ಹಕ್ಕು ಯಾರದು ಎಂದು ನನಗೆ ಗೊತ್ತಿದೆ. ಅಮ್ಮ ಚೆನ್ನಾಗಿದ್ದಾಳೆ. ಅವಳ ಮೊಣಕಾಲು ನೋವು ಎಡಗಾಲಿನಿಂದ ಬಲಗಾಲಿಗೆ ವರ್ಗವಾಗಿದೆ. ಫೋನಿನಲ್ಲಿ ನಿನ್ನೊಡನೆ ಅರ್ಧ ಗಂಟೆ ಮಾತಾಡಿ, ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನಿನ್ನ ವಿಷ್ಯ ಕೇಳ್ಲಿಲ್ಲಪ್ಪ" ಎಂದು ಹವಾಮಾನ ವರದಿ ಓದಿದ ಹಾಗೆ ಹೇಳುತ್ತಾಳೆ.

ಆ ವಿಷಯವನ್ನು ಮೊದಲೇ ಬರೆದುಬಿಡುತ್ತೇನೆ. ಇಷ್ಟು ದಿನ ಅದರ ಸುತ್ತ ಗಿರಕಿ ಹೊಡೆದೆನೇ ಹೊರತು ಮುಟ್ಟಲಿಲ್ಲ. ಎರಡು ವರ್ಷದ ಹಿಂದೆ, ಆಗಷ್ಟೇ ಈ ಕೆಲಸಕ್ಕೆ ಸೇರಿದ್ದ ನಾನು, ಇಲ್ಲಿಯ ರದ್ದಿಯಲ್ಲಿ ಸಿಕ್ಕಿದ ದೊಡ್ಡ ಪ್ರಕಾಶಕರೊಬ್ಬರ ಹೆಸರಿದ್ದ ಕಾಗದದ ಮೇಲೆ, ನಿನ್ನ ಕಾದಂಬರಿಯನ್ನು ಅಚ್ಚು ಹಾಕಲು ಒಪ್ಪಿದ್ದೇವೆಂದು ಟೈಪು ಮಾಡಿ, ಆಗ ನಮ್ಮ ಮನೆಯಲ್ಲೇ ಇದ್ದ ನಿನಗೇ ಅಂಚೆಗೆ ಹಾಕಿದೆ. ನೀನು ಎಂಟು ದಿನ ನೆಲದ ಮೇಲೆ ಕಾಲಿಡಲಿಲ್ಲ. ಒಂಬತ್ತನೆಯ ದಿನ, ನೆಂಟರೆಲ್ಲ ಸೇರಿದ್ದಾಗ, ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಗುಟ್ಟು ಒಡೆದೆ. ನೀನು ಇನ್ನೂರಹತ್ತು ಹಾಳೆಯ ಕಟ್ಟನ್ನು ಅಮ್ಮನ ಕಬ್ಬಿಣದ ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಕಂಬಳಿ ಹೊದಿಸಿ, ಬೀಗ ಜಡಿದು, ಕೀಲಿಕೈಯನ್ನು ನಿನ್ನ ಊರಿಗೆ ಒಯ್ದೆ. ಈಗ ನೀನು ಬರೆಯುವುದೆಲ್ಲ ಮಾತ್ರೆಯ ಲಕೋಟೆಯ ಮೇಲೆ "ದಿನಕ್ಕೆ ಎರಡು ಸಲ, ಊಟದ ನಂತರ" ಎಂದು ಮಾತ್ರವಂತೆ. ಅಮ್ಮ ಹೇಳಿದಳು.

ಇನ್ನು ಈ ಕೋಣೆಯ ಸಮಾಚಾರ. ಇಲ್ಲಿ ನಾವು ಮೂವರು. ಯಜಮಾನಿ, ಮೇಷ್ಟ್ರು, ನಾನು. ನೂರು ನೂರೈವತ್ತು ವರ್ಷದ ಹಿಂದೆ ಒಮ್ಮೆ ಅಚ್ಚಾಗಿ, ಆಮೇಲೆ ಎಲ್ಲರೂ ಮರೆತ ಕಾದಂಬರಿಗಳನ್ನು ಹುಡುಕಿ ಮತ್ತೆ ಅಚ್ಚು ಹಾಕುವುದು ನಮ್ಮ ಕಸುಬು. ಹುಡುಕುವುದು ಯಜಮಾನಿ. ಮುಚ್ಚಿಹೋಗುವ ಗ್ರಂಥಾಲಯಗಳಿಗೆ, ತೀರಿಕೊಂಡವರ ಮನೆಯ ಅಟ್ಟಗಳಿಗೆ ಹೋಗಿ, ಹಳೆಯ ಪುಸ್ತಕವೊಂದನ್ನು ಎಳೆಗೂಸಿನಂತೆ ಟವೆಲಿನಲ್ಲಿ ಸುತ್ತಿ ತರುತ್ತಾರೆ. ಸತ್ತುಹೋದ ಪುಸ್ತಕ ಎಂದು ನಾನೊಮ್ಮೆ ಬಾಯಿತಪ್ಪಿ ಅಂದಾಗ, "ಮೆಲ್ಲಗೆ ಮಾತಾಡು, ಮಲಗಿದೆ ಅಷ್ಟೆ" ಎಂದರು.

ಕರಡು ತಿದ್ದುವುದು ಮೇಷ್ಟ್ರು. ನಮ್ಮ ಕ್ರಮ ಹೀಗೆ: ಹಳೆಯ ಪ್ರತಿ ಮುಟ್ಟಿದರೆ ಪುಡಿಯಾಗುವುದರಿಂದ ಒಬ್ಬರೇ ಮುಟ್ಟಬೇಕು. ಬಿಳಿಯ ಕೈಗವಸು ಹಾಕಿಕೊಂಡ ಆ ಮಹಾನುಭಾವ ನಾನು. ನಾನು ಅದನ್ನು ಗಟ್ಟಿಯಾಗಿ ಓದಬೇಕು, ಚಿಹ್ನೆಗಳನ್ನೂ ಬಿಡದೆ. ಎದುರಿಗೆ ಮೇಷ್ಟ್ರು ಹೊಸ ಕರಡಿನ ಮೇಲೆ ಪೆನ್ಸಿಲು ಹಿಡಿದು, ನಾನು ಓದಿದ್ದು ಅಲ್ಲಿ ಇಲ್ಲದಿದ್ದರೆ ಅಂಚಿನಲ್ಲಿ ಬರೆದು ಸೇರಿಸುತ್ತಾರೆ. "ಅವಳು ಕಿಟಕಿಯ ಬಳಿ ಬಂದಳು ಅಲ್ಪವಿರಾಮ ನಿಟ್ಟುಸಿರಿಟ್ಟಳು ಪೂರ್ಣವಿರಾಮ." ದಿನಕ್ಕೆ ಆರು ಗಂಟೆ ಹೀಗೆ ಓದಿದರೆ ತಲೆ ಏನಾಗುತ್ತದೆ ಎಂದು ನೀನೇ ಊಹಿಸು. ಮೊನ್ನೆ ಟೀ ಅಂಗಡಿಯಲ್ಲಿ, ಒಂದು ಟೀ ಅಲ್ಪವಿರಾಮ ಸಕ್ಕರೆ ಕಮ್ಮಿ ಪೂರ್ಣವಿರಾಮ ಎಂದೆ. ಅಂಗಡಿಯವನು ಅಮ್ಮನಿಗೆ ಫೋನು ಮಾಡಿದ.

ಕಳೆದ ವರ್ಷ ಬಂದ ಕಾದಂಬರಿಯ ನಾಯಕಿ ದೀಪಸ್ತಂಭ ಕಾಯುವವನ ಹೆಂಡತಿ. ಗಂಡ ದೋಣಿಯಲ್ಲಿ ಹೋದವನು ಬಂದಿಲ್ಲ. ಅವಳು ದೀಪ ಹಚ್ಚುತ್ತಾ ಕಾಯುತ್ತಾಳೆ. ಬರೆದವರ ಹೆಸರಿನ ಜಾಗದಲ್ಲಿ "ಒಬ್ಬ ಗೃಹಿಣಿ" ಎಂದಷ್ಟೇ ಇದೆ. ನಾಯಕಿ ಒಟ್ಟು ನಲವತ್ತೊಂದು ಸಲ ನಿಟ್ಟುಸಿರಿಡುತ್ತಾಳೆ, ಎಣಿಸಿದ್ದೇನೆ. ನಗಬೇಡ. ಎರಡು ತಿಂಗಳು ಅವಳ ಜೊತೆ ಇದ್ದೆ. ಮಧ್ಯಾಹ್ನ ಫ್ಯಾನು ತಿರುಗುತ್ತಾ, ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಕಾಗದದ ಧೂಳು ಏಳುತ್ತಾ ಇಳಿಯುತ್ತಾ ಇರುವಾಗ, ಅವಳು ಕಟ್ಟುಗಳ ನಡುವೆ ಓಡಾಡಿದ ಹಾಗೆ, ಸೆರಗಿನ ಗಾಳಿ ನನ್ನ ಹಾಳೆ ಅಲುಗಿಸಿದ ಹಾಗೆ ಅನಿಸುತ್ತಿತ್ತು. ಹೊರಗೆ ಬೀದಿಯ ಸದ್ದು ದೂರದ ನೀರಿನ ಸದ್ದಾಗುತ್ತಿತ್ತು. ಕೋಣೆ ಪೂರ್ತಿ ನಿಧಾನವಾಗಿ ದಡ ಬಿಟ್ಟು ತೇಲುತ್ತಿತ್ತು.

ನಿನ್ನ ತಮ್ಮ ಅಲ್ಲಿಯೂ ಸುಮ್ಮನೆ ಕೂತವನಲ್ಲ. ಓದುವಾಗ ನನ್ನದೊಂದು ಸೇರಿಸಿ ಮೇಷ್ಟ್ರನ್ನು ಪರೀಕ್ಷೆ ಮಾಡುತ್ತಿದ್ದೆ. "ನಾಯಕಿಯು ಮೂರು ಕುದುರೆಗಳನ್ನು ನುಂಗಿ ನೀರು ಕುಡಿದಳು ಪೂರ್ಣವಿರಾಮ" ಎಂದು ಗಂಭೀರವಾಗಿ ಓದಿದರೆ, ಅವರು ತಲೆಯೆತ್ತದೆ "ಇಲ್ಲ, ಮುಂದಕ್ಕೆ ಓದು" ಎನ್ನುತ್ತಿದ್ದರು. ಎಷ್ಟು ಸಲ ಮಾಡಿದರೂ ಒಂದು ಸಲವೂ ನನ್ನ ಬಲೆಗೆ ಬೀಳಲಿಲ್ಲ.

ಪುಟ ನೂರನಲವತ್ತಮೂರರಲ್ಲಿ ಅವಳು ಮನೆ ಗುಡಿಸುತ್ತಾಳೆ. ಒಣ ವರ್ಣನೆ, ಎರಡೇ ಸಾಲು. ಅದನ್ನು ಓದಿದೆ. ಆಮೇಲೆ ನನ್ನ ಬಾಯಿಂದ ಇನ್ನೊಂದು ಸಾಲು ತಾನಾಗಿ ಬಂತು:

"ಮನೆಯನ್ನೆಲ್ಲ ಗುಡಿಸಿ, ತಾನು ಕೂತು ಕಾಯುವ ಮೂಲೆಯೊಂದನ್ನು ಮಾತ್ರ ಅವಳು ಗುಡಿಸದೆ ಬಿಟ್ಟಳು, ಅಲ್ಲಿ ಧೂಳೂ ಅವಳ ಜೊತೆ ಕಾಯುತ್ತಿತ್ತು."

ಈ ಸಾಲು ಯಾರದೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಪೆಟ್ಟಿಗೆಯ ತಳದಲ್ಲಿರುವ ಕಟ್ಟಿನ ನಾಲ್ಕನೆಯ ಅಧ್ಯಾಯ, ಮೊದಲ ಹಾಳೆ.

"ಇಲ್ಲ" ಎನ್ನುತ್ತಾರೆಂದು ಕಾದೆ. ಪೆನ್ಸಿಲು ಓಡುವ ಸದ್ದು ಕೇಳಿಸಿತು. ಮೇಷ್ಟ್ರು ಅಂಚಿನಲ್ಲಿ ಅಷ್ಟನ್ನೂ ಬರೆದುಕೊಂಡು, ಬಿಟ್ಟುಹೋಗಿದ್ದ ಸಾಲೆಂದು ಗುರುತು ಹಾಕಿ, ಕನ್ನಡಕ ತೆಗೆದು ಒರೆಸಿ, "ಚೆನ್ನಾಗಿದೆ" ಎಂದರು. ಅಕ್ಕಾ, ನಲವತ್ತು ವರ್ಷದಲ್ಲಿ ಆ ಮನುಷ್ಯ ತಾನು ತಿದ್ದಿದ ಯಾವುದನ್ನೂ ಚೆನ್ನಾಗಿದೆ ಎಂದವರಲ್ಲವಂತೆ. ತೆರೆದ ಬಾಯಿ ಮುಚ್ಚಿಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂಬುದು ಎಷ್ಟು ಉದ್ದವಿರುತ್ತದೆ ಎಂದು ನನಗೀಗ ಅಳತೆ ಸಮೇತ ಗೊತ್ತು.

ಪುಸ್ತಕ ಐನೂರು ಪ್ರತಿ ಅಚ್ಚಾಯಿತು. ಯಜಮಾನಿ ಹಿಂದಿನ ರಟ್ಟಿನ ಮೇಲೆ ಹಾಕಲು ಇಡೀ ಕಾದಂಬರಿಯಿಂದ ಒಂದೇ ಒಂದು ಸಾಲು ಆರಿಸಿದರು. ಯಾವುದೆಂದು ಕೇಳಬೇಡ. ಪತ್ರಿಕೆಯ ವಿಮರ್ಶಕರು ಆ ಸಾಲಿನಿಂದಲೇ ಶುರುಮಾಡಿ ಅದರಲ್ಲೇ ಮುಗಿಸಿದರು. ನಿವೃತ್ತ ಟೀಚರೊಬ್ಬರು, ಅದನ್ನು ಓದಿದ ಮೇಲೆ ಮನೆಯ ಒಂದು ಮೂಲೆಯನ್ನು ತಾವೂ ಗುಡಿಸುತ್ತಿಲ್ಲವೆಂದು ಬರೆದರು. ನಾನು ಪ್ರತಿ ಸಲವೂ ಜೋರಾಗಿ ತಲೆಯಾಡಿಸಿ, ಹಿಂದಿನವರ ಬರವಣಿಗೆಯೇ ಬರವಣಿಗೆ ಎಂದು ಭಾಷಣ ಮಾಡಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಮೊನ್ನೆ ಹಳೆಯ ಕಾದಂಬರಿಗಳ ಮೇಲೆ ಸಂಶೋಧನೆ ಮಾಡುವ ಪ್ರಾಧ್ಯಾಪಕಿಯೊಬ್ಬರ ಕಾಗದ ಬಂತು. ನೂರಮೂವತ್ತು ವರ್ಷದ ಹಿಂದೆ ಒಬ್ಬ ಗೃಹಿಣಿ ಇಂಥ ವಾಕ್ಯ ಬರೆದದ್ದು ಬಹಳ ದೊಡ್ಡ ಸಂಗತಿ, ಮೂಲ ಪುಟವನ್ನು ಕಣ್ಣಾರೆ ನೋಡಬೇಕು, ಸೋಮವಾರ ಬರುತ್ತೇನೆ, ಎಂದು. ಮೇಷ್ಟ್ರು ಆ ಕಾಗದವನ್ನು ಎರಡು ಸಲ ಓದಿ, ಇಸ್ತ್ರಿ ಮಾಡಿದ ಷರಟು ಸೋಮವಾರಕ್ಕೆ ತೆಗೆದಿಡಬೇಕೆಂದರು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಷರಟು ಹಾಕಿಕೊಂಡು ನಿಂತ ಅವರ ಎದುರಿಗೆ ಆ ಪುಟ ತೆರೆದರೆ, ಅವರ ನಲವತ್ತು ವರ್ಷ ಏನಾಗಬೇಕು?

ನಿನ್ನೆ ಹೇಳಿಬಿಟ್ಟೆ. ಕೈಗವಸು ಹಾಕಿಕೊಂಡು ಹಳೆಯ ಪ್ರತಿಯ ಆ ಪುಟ ತೆರೆದು ಅವರ ಮುಂದಿಟ್ಟೆ. ಅವರು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಸಾಲುಸಾಲಾಗಿ ನೋಡಿದರು; ಆ ಸಾಲು ಅಲ್ಲಿರಲಿಲ್ಲ. ಕೋಣೆ ತೇಲುವುದನ್ನು ಬಿಟ್ಟು ನೆಲಕ್ಕೆ ಕಚ್ಚಿ ನಿಂತಿತು.

"ನನ್ನ ಕಣ್ತಪ್ಪಿಸಿ ಒಳಗೆ ಹೋದ ತಪ್ಪು ಬೇಕಾದಷ್ಟಿವೆ ಕಣಯ್ಯ," ಎಂದರು. "ನಾನೇ ಕೈಹಿಡಿದು ಕರ್ಕೊಂಡು ಹೋಗಿ ಕೂರಿಸಿದ್ದು ಇದೊಂದೇ."

ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಆ ಸಾಲು ಯಾರದೆಂದು ಕೇಳಿದರು. ನಮ್ಮಕ್ಕನದು ಎಂದೆ.

"ನಿಂದಲ್ಲ ಅಂತ ಗೊತ್ತು ಬಿಡು. ನಿಂದಾಗಿದ್ರೆ ಕುದುರೆ ಇರ್ತಿತ್ತು." ಮತ್ತೆ ಹೊಸ ಪುಸ್ತಕ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಇದರ ಮನೆಯಿಂದ ಕಿತ್ಕೊಂಡು ಬಂದಿದೀಯ. ಆ ಮನೆ ಎಲ್ಲಿದೆ?" ಎಂದರು.

ಪೆಟ್ಟಿಗೆಯ ಕತೆಯನ್ನೂ ಸುಳ್ಳು ಕಾಗದದ ಕತೆಯನ್ನೂ ಪೂರ್ತಿ ಹೇಳಿದೆ. ಯಜಮಾನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಆಮೇಲೆ ಗೊತ್ತಾಯಿತು. ಅವರು ನನ್ನೊಡನೆ ಇವತ್ತಿನವರೆಗೂ ಮಾತಾಡಿಲ್ಲ. ನನ್ನ ಸುತ್ತಲಿನ ಹೆಂಗಸರಿಗೆಲ್ಲ ಈ ವಿದ್ಯೆ ಚೆನ್ನಾಗಿ ಬರುತ್ತದೆ. ಆದರೆ ಪ್ರಾಧ್ಯಾಪಕಿಗೆ ಆಗಲೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದರಂತೆ. ಮುಂದಿನ ಮುದ್ರಣದಲ್ಲಿ ಆ ಸಾಲು ಇರುವುದಿಲ್ಲ. ಉಳಿದಿರುವ ಇನ್ನೂರೆಂಬತ್ತು ಪ್ರತಿಗಳಿಗೆ ಒಂದೊಂದು ತಿದ್ದುಪಡಿ ಚೀಟಿ. ಅಂಟಿಸುವ ಶಿಕ್ಷೆ ನನಗೆ. ನೆಲದ ಮೇಲೆ ನಿಜಕ್ಕೂ ಏಕೆ ಮಲಗಿದ್ದೇನೆಂದು ಈಗ ತಿಳಿಯಿತಲ್ಲ, ಬೆನ್ನು ನೆಟ್ಟಗಾಗುತ್ತಿಲ್ಲ. ಚೀಟಿಯ ಮಾತುಗಳನ್ನು ಮೇಷ್ಟ್ರೇ ಬರೆದರು. ಒಂದನ್ನು ಇದರ ಜೊತೆ ಇಟ್ಟಿದ್ದೇನೆ, ನೋಡು:

"ಪುಟ ೧೪೩, ಸಾಲು ೯, ಮತ್ತು ಹಿಂದಿನ ರಟ್ಟು: ಇಲ್ಲಿರುವ ವಾಕ್ಯ ಈ ಕಾದಂಬರಿಯದಲ್ಲ. ಇದು ಇನ್ನೂ ಅಚ್ಚಾಗದ ಬೇರೊಂದು ಕಾದಂಬರಿಯದು. ತಪ್ಪು ಕರಡು ತಿದ್ದಿದವನದು."

ಕೊನೆಯ ಮಾತು ಬೇಡವೆಂದು ಕೈ ಹಿಡಿದುಕೊಂಡೆ. ಕೇಳಲಿಲ್ಲ. ಓದಿದವನು ಕೋತಿಯಾದರೂ ಬರೆದುಕೊಂಡ ಕೈ ತನ್ನದೇ ಎಂದರು. ಇನ್ನೂರೆಂಬತ್ತು ಸಲ ಅದನ್ನು ಓದುತ್ತಾ ಅಂಟಿಸುವುದು ಶಿಕ್ಷೆಯ ನಿಜವಾದ ಭಾಗ.

ಇವತ್ತು ಬೆಳಿಗ್ಗೆ ಮೇಷ್ಟ್ರು ತಮ್ಮ ಎದುರಿನ ಕುರ್ಚಿಯ ಮೇಲಿದ್ದ ಕಟ್ಟನ್ನು ಇಳಿಸಿ, ಒರೆಸಿ, "ಇದು ನಿನಗಲ್ಲ" ಎಂದರು. ಪೆಟ್ಟಿಗೆಯಲ್ಲಿರುವ ನಿನ್ನ ಕಟ್ಟು ಬಂದರೆ ಅಲ್ಲಿ ನೀನೇ ಕೂತು ಓದಬೇಕಂತೆ, ಅವರು ಪೆನ್ಸಿಲು ಹಿಡಿಯುತ್ತಾರಂತೆ. ಅಚ್ಚಾಗುತ್ತದೆಯೋ ಇಲ್ಲವೋ ಎಂದು ಅವರು ಮಾತು ಕೊಡಲಿಲ್ಲ, ನಾನೂ ಕೊಡುವುದಿಲ್ಲ. ಓದಿದ್ದನ್ನು ಒಬ್ಬರು ಕೇಳಿಸಿಕೊಳ್ಳುತ್ತಾರೆ, ಅಷ್ಟು ಮಾತ್ರ ಖಂಡಿತ. ಪೆಟ್ಟಿಗೆಯ ಬೀಗ ಒಡೆಯುವುದು ನನಗೆ ಎರಡು ನಿಮಿಷದ ಕೆಲಸವೆಂದು ನಿನಗೂ ಗೊತ್ತು. ಒಡೆದಿಲ್ಲ. ಕೀಲಿಕೈ ಕಳಿಸು. ಇಲ್ಲವೇ ನೀನೇ ತಾ.

ದೀಪಸ್ತಂಭದವಳು ಇನ್ನೂ ಇಲ್ಲೇ ಓಡಾಡುತ್ತಿದ್ದಾಳೆ. ಖಾಲಿ ಕುರ್ಚಿಯ ಹತ್ತಿರ ಬಂದಾಗ ನಿಲ್ಲುತ್ತಾಳೆ, ಕೂರುವುದಿಲ್ಲ.

ನಿನ್ನ ಅಂಗಡಿಗೆ ಬರುವವರೆಲ್ಲ ಬೇಗ ಗುಣವಾಗಲಿ, ಆದರೆ ವ್ಯಾಪಾರ ಕೆಡದಷ್ಟು ನಿಧಾನವಾಗಿ. ನೀನು ನೂರು ವರ್ಷ ಸುಖವಾಗಿ ಬಾಳು. ಕಿರಿಯನು ಹಿರಿಯಳನ್ನು ಹರಸುವುದು ಎಲ್ಲಿಯಾದರೂ ಉಂಟೇ ಎಂದು ಅಮ್ಮ ಕೇಳಿಯಾಳು, ಅವಳಿಗೆ ತೋರಿಸಬೇಡ.

ಇಂತು,
ಶ್ವೇತಹಸ್ತಕವಚಧಾರಿ, ತಿದ್ದುಪಡಿ ಚೀಟಿಗಳ ಸರ್ವಾಧಿಕಾರಿ,
ಕೋತಿ

ಮರೆತ ಮಾತು: ಮರೆತದ್ದಲ್ಲ, ಕೊನೆಗೆ ದೂಡಿದ್ದು. ಆ ಒಂಬತ್ತನೆಯ ದಿನ ನೀನು ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಕೇಳಿದೆ. "ಹಾಗಾದ್ರೆ ಅದ್ರಲ್ಲಿ ಚೆನ್ನಾಗಿದೆ ಅಂತ ಬರ್ದಿದ್ದೂ ಸುಳ್ಳೇನೋ?" ಎಲ್ಲರೂ ನಗುತ್ತಿದ್ದರು. ನಾನೂ ನಕ್ಕು, "ಮತ್ತೆ?" ಎಂದುಬಿಟ್ಟೆ. ಅಕ್ಕಾ, ಆ ಕಾಗದ ಬರೆಯುವ ಮೊದಲು ನಿನಗೆ ತಿಳಿಯದಂತೆ ನಿನ್ನ ಕಾದಂಬರಿಯನ್ನು ಮಾಳಿಗೆಯ ನೀರಿನ ತೊಟ್ಟಿಯ ಮರೆಯಲ್ಲಿ ಕೂತು ಎರಡು ಸಲ ಓದಿದ್ದೆ. ನಾಲ್ಕನೆಯ ಅಧ್ಯಾಯ ಮುಗಿಸಿ ಕೆಳಗಿಳಿದು ಬಂದಾಗ ಕಣ್ಣು ಕೆಂಪಗಿದೆ ಎಂದು ನೀನೇ ಕಣ್ಣಿಗೆ ಹನಿ ಹಾಕಿದೆ. ಚೆನ್ನಾಗಿದೆ ಎಂದು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಅದಕ್ಕೇ ಬೇರೆಯವರ ಕಾಗದ ಹುಡುಕಿದೆ. ಅದರಲ್ಲಿ ಹೆಸರು ಸುಳ್ಳು, ಸಹಿ ಸುಳ್ಳು, ಅಚ್ಚು ಹಾಕುತ್ತೇವೆಂದದ್ದು ಸುಳ್ಳು. ಚೆನ್ನಾಗಿದೆ ಎಂದದ್ದು ನಿಜ. ಅದನ್ನು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ, ಕೆಳಗೆ ನನ್ನದೇ ಸಹಿ ಹಾಕಿ.

ನಿನ್ನ ಕಾದಂಬರಿ ಚೆನ್ನಾಗಿದೆ.

ನಿನ್ನ ತಮ್ಮ