ಹರಿದ ಸೀಟಿನ ಬೆಲೆ

ಜೂನ್ ೧೪, ಶುಕ್ರವಾರ

ಭಾವ ಒಳ್ಳೆಯ ಮನಸ್ಸಿನಿಂದಲೇ ಕೆಡಿಸಿದರು. ಮಾರುವ ಮೊದಲು ಅಪ್ಪನ ಅಪರೂಪದ ಹಳೆಯ ಸ್ಪೋರ್ಟ್ಸ್ ಕಾರಿಗೆ ಫಳಫಳ ಕೆಂಪು ಪೇಂಟ್ ಹೊಡೆಸಿದ್ದಾರೆ. ಇವತ್ತು ನೋಡಲು ಬಂದ ವ್ಯಾಪಾರಿ ಬಾನೆಟ್ ಸವರಿ ನಿಟ್ಟುಸಿರು ಬಿಟ್ಟ: "ಮಾಸಿದ್ರೂ ಕಂಪನಿ ಬಣ್ಣಾನೇ ಇರಬೇಕಿತ್ತು ಸಾರ್. ಅರ್ಧ ಬೆಲೆ ಹೋಯ್ತು. ಸೀಟಾದ್ರೂ ಹಳೇದಿದೆ, ಮುಟ್ಟಬೇಡಿ."

ಹೊಳಪು ಏರಿತು, ಬೆಲೆ ಜಾರಿತು. ಪ್ರಾಸವೇನೋ ಕೂಡಿತು, ಅಕ್ಕ ಈ ಕಾರು ಮಾರಿ ತೆರೆಯಬೇಕೆಂದಿದ್ದ ಹೊಲಿಗೆ ಅಂಗಡಿಗೆ ಹಣ ಕೂಡಲಿಲ್ಲ.

ಭಾವನಿಗೆ ಬುದ್ಧಿ ಬಂತೇ? "ಅವನಿಗೇನಯ್ಯಾ ಗೊತ್ತು? ಹರಿದ ಸೀಟಿಗೆ ಯಾರಾದ್ರೂ ದುಡ್ಡು ಕೊಡ್ತಾರಾ? ನಾಳೆನೇ ಹೊಸ ರೆಕ್ಸಿನ್ ಹಾಕಿಸ್ತೀನಿ." ಅಕ್ಕ ನನ್ನ ಕಡೆ ನೋಡಿದಳು.

ಬೆಳಿಗ್ಗೆ ರೆಕ್ಸಿನ್‌ನವನು ಬರುವ ಮೊದಲೇ ಹೋಗಿ ಆ ಹರಿದ ಸೀಟಿನಲ್ಲಿ ಕೂತುಬಿಡುತ್ತೇನೆ. ಭಾವ ಬೇಕಾದರೆ ನನ್ನನ್ನೂ ಸೇರಿಸಿ ಹೊದಿಸಲಿ.