ಜಾಕಿ ಇಳಿಸಿದ ಮೇಲೆ

ಜೊಲ್ದೋಶ್,

ಸೋದರತ್ತೆ ಮನೇಲಿ ನಾಳೆಗೆ ಬೋರ್ಸೋಕ್ ಹಿಟ್ಟಿನುಂಡೆ ಕರಿಯೋಕೆ ಹೋಗ್ತಿದೀನಿ. ಚಹಾ ಫ್ಲಾಸ್ಕಿನಲ್ಲಿದೆ. ಕಾರಿನ ಹೊಸ ರಬ್ಬರ್ ಬುಷ್‌ಗಳು ಕಿಟಕಿ ಹತ್ರ ಇವೆ, ಇವತ್ತೇ ಹಾಕಿ ಮುಗಿಸು. ನಾಳೆ ಅಪ್ಪ ತೀರಿಕೊಂಡ ನಲವತ್ತನೇ ದಿನ, ಮಧ್ಯಾಹ್ನದೊಳಗೆ ಅತ್‌ಬಾಶಿ ತಲುಪಬೇಕು.

ಹೋದ ಸಲದ ಹಾಗೆ ಕಾರು ಜಾಕಿ ಮೇಲಿರುವಾಗಲೇ ಬೋಲ್ಟ್ ಬಿಗಿ ಮಾಡ್ಬೇಡ ಮಾರಾಯ. ರಬ್ಬರು ತಿರುಚಿಕೊಂಡು ತಿಂಗಳಲ್ಲೇ ಹರಿದುಹೋಯ್ತು. ಮೊದಲು ಕಾರನ್ನ ನೆಲಕ್ಕಿಳಿಸು, ಒಳಗೆ ಭಾರ ಕೂರಿಸು, ಆಮೇಲೆ ಬಿಗಿ ಮಾಡು.

ಅದಕ್ಕೂ ಮೊದಲೆಲ್ಲ ಭಾರಕ್ಕೆ ಮುಂದಿನ ಸೀಟಿನಲ್ಲಿ ಅಪ್ಪ ಕೂರ್ತಿದ್ರು, ಕಲ್ಪಾಕ್ ಟೋಪಿ ಹಾಕ್ಕೊಂಡು, ಎಲ್ಲಿಗೋ ಹೊರಟವರ ಹಾಗೆ. ಆ ಸೀಟಿನಲ್ಲಿ ನಾಳೆಯ ಹಿಟ್ಟಿನ ಮೂಟೆ ಎರಡೂ ಇಡು.

ಎರಡು ಅನ್ನೋದು ಅಪ್ಪ ಚೆನ್ನಾಗಿದ್ದಾಗಿನ ಲೆಕ್ಕ. ಕೊನೆಕೊನೆಗೆ ಒಂದೇ ಸಾಕಾಗ್ತಿತ್ತು.

ಅಕ್ಕ