ಯೂರಿಡಿಸಿಯ ಕೊನೇ ಮಾತು

ಜೂನ್ ೧೧, ಗುರುವಾರ

ಕಾಮಿಕ್ಸಿನ ಕೊನೆಯ ಪುಟದಲ್ಲಿ ಮಾತಿನ ಬಲೂನು ಇನ್ನೂ ಖಾಲಿ. ಹಿಂತಿರುಗಿ ನೋಡಬಾರದೆಂಬ ಷರತ್ತಿನ ಮೇಲೆ ಸತ್ತ ಹೆಂಡತಿಯನ್ನು ಪಾತಾಳದಿಂದ ಕರೆತರುತ್ತಿದ್ದ ಆರ್ಫಿಯಸ್ ತಡೆಯಲಾರದೆ ನೋಡಿಬಿಟ್ಟಿದ್ದಾನೆ. ಯೂರಿಡಿಸಿ ಮತ್ತೆ ಕತ್ತಲೆಗೆ ಜಾರುತ್ತಿದ್ದಾಳೆ. ಗಂಡನಿಗೆ ಏನು ಹೇಳಬೇಕು ಅವಳು?

ಚಿತ್ರ ನನ್ನದು, ಅಕ್ಷರ ಅಕ್ಕನದು. ಮೊನ್ನೆ ಈ ಬಲೂನಿಗೆ ಬಂದು ಅವಳ ಕೈ ನಿಂತಿತು.

"ಬರ್ತೀನಿ ಅಂತ ಬರೀಲಾ?"

"ಅವಳು ಬರೋದೇ ಇಲ್ವಲ್ಲಕ್ಕ. ಹೋಗ್ತೀನಿ ಅಂತ ಬರಿ."

"ಹೊರಡೋರು ಹಾಗನ್ನಲ್ಲ ಕಣೋ. ಇರಲಿ ಬಿಡು, ಆಮೇಲೆ ನೋಡೋಣ."

ಇವತ್ತು ಸಂಜೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಅಕ್ಕ ನನ್ನ ಬೆರಳು ಬಿಡಿಸಿಕೊಂಡು, "ಹೋಗ್ತೀನಿ ಕಣೋ" ಅಂದಳು. ಬಾಯಿ ತಪ್ಪಿ ಬಂತೋ, ಬೇಕೆಂದೇ ಅಂದಳೋ. ಬೆಳಗಿನವರೆಗೂ ಏನೂ ಹೇಳಕ್ಕಾಗಲ್ಲ ಅಂತ ಹೇಳಿ ಡಾಕ್ಟರು ನನ್ನನ್ನು ಮನೆಗೆ ಕಳಿಸಿದರು. ಹೊರಗೆ ಬರುವಾಗ ಹಿಂತಿರುಗಿ ನೋಡಲು ಧೈರ್ಯ ಬರಲಿಲ್ಲ. ಎರಡು ವರ್ಷ ಈ ಕಥೆಯ ಜೊತೆ ಏಗಿದ ಫಲ.

ಈಗ ಅವಳ ಪೆನ್ನಿನಲ್ಲೇ ಬಲೂನಿನೊಳಗೆ "ಬರ್ತೀನಿ" ಅಂತ ಬರೆದಿದ್ದೇನೆ. ಗ್ರೀಕರ ಕಥೆ ಕೆಟ್ಟರೆ ಕೆಡಲಿ. ನನ್ನ ಅಕ್ಷರವಂತೂ ಕಾಗೆ ಕಾಲು ಗುಬ್ಬಿ ಕಾಲು. ಅಕ್ಕ ಮನೆಗೆ ಬರಲಿ, ನೋಡಿ ಉಗಿಯಲಿ, ಅಳಿಸಿ ತಾನೇ ಬರೆಯಲಿ.